ಶಾಂತಿಗಾಗಿ ಭಾಷಣ ಮಾಡಿದ ಹಮಾಲ

ನಮ್ಮ ಅಕ್ಕನ ಗಂಡ ಹದಿನೆಂಟು ವರ್ಷ ಎರಡು ದೇಶಗಳ ನಡುವಿನ ಗೇಟಿನಲ್ಲಿ ಮೂಟೆ ಹೊತ್ತರು. ಅವರ ಬಗ್ಗೆ ಯಾರೂ ಬರೆದಿಲ್ಲ, ಬರೆಯುವುದೂ ಇಲ್ಲ. ಪತ್ರಿಕೆಯಲ್ಲಿ ಒಂದೇ ಒಂದು ಸಲ ಅವರ ಫೋಟೋ ಬಂದಿತ್ತು, ಕೆಳಗೆ ‘ಶಾಂತಿಯ ಪರ ನಿಂತ ಶ್ರಮಿಕ’ ಎಂದು ಹಾಕಿದ್ದರು. ಆ ಫೋಟೋ ಬರುವುದಕ್ಕೆ ಅರ್ಧ ಕಾರಣ ನಾನು. ಕಸ್ಟಮ್ಸ್ ಕಚೇರಿಯ ಕಾಂಪೌಂಡಿನ ಪಕ್ಕ ಮೇಜು ಹಾಕಿಕೊಂಡು ಜನರ ಅರ್ಜಿ ಟೈಪ್ ಮಾಡಿಕೊಡುವುದು ನನ್ನ ಕಸುಬು. ಹೊಟ್ಟೆಪಾಡಿಗೆ ಯಾರ ಪರ ಬೇಕಾದರೂ ಬರೆಯುತ್ತೇನೆ, ಯಾರ ವಿರುದ್ಧ ಬೇಕಾದರೂ ಬರೆಯುತ್ತೇನೆ, ರಾತ್ರಿ ಚೆನ್ನಾಗಿ ನಿದ್ದೆಯೂ ಬರುತ್ತದೆ. ಆದರೆ ಭಾವನಿಗೆ ಬರೆದುಕೊಟ್ಟ ಒಂದು ಪುಟ ಮಾತ್ರ ಇವತ್ತಿಗೂ ಗಂಟಲಲ್ಲಿ ಮುಳ್ಳಿನ ಹಾಗೆ ಕೂತಿದೆ.

ಮೊದಲು ಅವರ ಕೆಲಸ ಹೇಗಿತ್ತು ಎಂದು ಹೇಳಬೇಕು. ನಮ್ಮ ಲಾರಿ ಆ ದೇಶಕ್ಕೆ ಹೋಗುವಂತಿರಲಿಲ್ಲ, ಅವರ ಲಾರಿ ಇಲ್ಲಿಗೆ ಬರುವಂತಿರಲಿಲ್ಲ. ಗೇಟಿನ ನಡುವೆ ರಸ್ತೆಗೆ ಅಡ್ಡಲಾಗಿ ಗೇಣಗಲದ ಬಿಳಿ ಗೆರೆ. ಆ ಕಡೆ ನೀಲಿ ಅಂಗಿಯ ಹಮಾಲರು, ಈ ಕಡೆ ಕೆಂಪು ಅಂಗಿಯ ನಮ್ಮವರು, ನೂರಾ ನಲವತ್ತು ಮಂದಿ. ಮೂಟೆ ತಲೆಯ ಮೇಲೆ ಗೆರೆಯವರೆಗೆ ಬರಬೇಕು, ಅಲ್ಲಿಂದ ಎದುರಿನವನ ತಲೆಗೆ ದಾಟಬೇಕು. ಯಾರ ಕಾಲೂ ಗೆರೆ ತುಳಿಯಬಾರದು. ಮೂಟೆ ಗೆರೆಯ ಮೇಲೆ ಬಿದ್ದರಂತೂ ಮುಗಿಯಿತು. ಅದು ಯಾವ ದೇಶದ ಮೂಟೆ ಎಂದು ತೀರ್ಮಾನಿಸುವುದಕ್ಕೆ ಎರಡೂ ಕಡೆಯ ಅಧಿಕಾರಿಗಳು ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದರು. ಒಮ್ಮೆ ಹೀಗೆ ಬಿದ್ದ ಈರುಳ್ಳಿ ಮೂಟೆ, ತೀರ್ಮಾನ ಆಗುವಷ್ಟರಲ್ಲಿ ಮೊಳಕೆ ಒಡೆದಿತ್ತು.

ಮೂಟೆ ದಾಟಿಸುವಾಗ ಇಬ್ಬರೂ ಒಟ್ಟಿಗೆ ಕತ್ತು ತಗ್ಗಿಸಬೇಕು. ಹಣೆಗೂ ಹಣೆಗೂ ನಡುವೆ ನಾಲ್ಕು ಬೆರಳು ಜಾಗ. ಒಬ್ಬ ಅವಸರಪಟ್ಟರೆ ಇನ್ನೊಬ್ಬನ ಕತ್ತು ಉಳುಕುತ್ತದೆ. ಅದಕ್ಕೇ ಜೋಡಿ ಬದಲಾಯಿಸುತ್ತಿರಲಿಲ್ಲ. ಭಾವನ ಜೋಡಿ ದಪ್ಪ ಮೀಸೆಯ ಒಬ್ಬ ಎತ್ತರದ ಆಳು. ಹದಿನೆಂಟು ವರ್ಷವೂ ಅವನೇ. ಗೆರೆಯ ಆಚೆಗೂ ಈಚೆಗೂ ಭಾಷೆ ಒಂದೇ, ಬೈಗುಳದಲ್ಲಿ ಮಾತ್ರ ಸ್ವಲ್ಪ ವ್ಯತ್ಯಾಸ. ಮಾತಾಡಬಾರದು ಎಂದು ಬೋರ್ಡ್ ಇತ್ತು, ಬಂದೂಕು ಹಿಡಿದ ಸಿಪಾಯಿಗಳೂ ಇದ್ದರು. ಆದರೆ ಮೂಟೆಯ ಅಡಿಯಲ್ಲಿ ಇಬ್ಬರ ಬಾಯಿ ಯಾರಿಗೂ ಕಾಣುತ್ತಿರಲಿಲ್ಲ. ಹೊಸಿಲಿನ ಆಚೆ ಈಚೆ ನಿಂತು ಸಾಮಾನು ಕೊಟ್ಟು ತೆಗೆದುಕೊಳ್ಳುವವರು ಬೀಗರಲ್ಲದೆ ಇನ್ಯಾರು ಎಂದು ಇಬ್ಬರೂ ಒಬ್ಬರನ್ನೊಬ್ಬರು ‘ಬೀಗರೇ’ ಎಂದೇ ಕರೆಯುತ್ತಿದ್ದರು. ಬೀಗರ ಹೆಂಡತಿಗೆ ಮಂಡಿನೋವು ಎಂದು ಗೊತ್ತಾದಾಗ ಅಕ್ಕ ಒಂದು ಮನೆಮದ್ದು ಹೇಳಿ ಕಳಿಸಿದಳು. ಆ ಮದ್ದು ದಾಟುವುದಕ್ಕೆ ಐದು ದಿನ ಹಿಡಿಯಿತು, ದಿನಕ್ಕೆ ಒಂದು ಪದಾರ್ಥದ ಹೆಸರಿನಂತೆ.

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರಲ್ಲ, ಆ ಕೂಸು ಈ ಗೇಟು. ಅಲ್ಲಿನ ಮಂತ್ರಿ ಒಂದು ಮಾತು ಆಡುವನು, ಇಲ್ಲಿನ ಮಂತ್ರಿ ಅದಕ್ಕೆ ಎರಡು ಸೇರಿಸುವನು, ಮಾರನೆಯ ದಿನ ಗೇಟಿಗೆ ಬೀಗ. ಹದಿನೈದು ದಿನ, ಎರಡು ತಿಂಗಳು, ಒಮ್ಮೆ ಪೂರಾ ಏಳು ತಿಂಗಳು. ಆ ಏಳು ತಿಂಗಳು ಕತ್ತಿನ ಅಭ್ಯಾಸ ತಪ್ಪಬಾರದೆಂದು ಭಾವ ಹಿಟ್ಟಿನ ಡಬ್ಬವನ್ನು ತಲೆಯ ಮೇಲಿಟ್ಟುಕೊಂಡು ಮನೆಯೊಳಗೆ ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿನಿಂದ ಅಡುಗೆಮನೆಗೆ ನಡೆಯುತ್ತಿದ್ದರು. ಮೂರನೆಯ ತಿಂಗಳಿಂದ ಆ ಡಬ್ಬಕ್ಕೆ ಹಿಟ್ಟಿನ ಬದಲು ಮರಳು ತುಂಬಬೇಕಾಯಿತು. ಆ ಮನುಷ್ಯನಿಗೆ ಪ್ರಪಂಚದಿಂದ ಬೇಕಾಗಿದ್ದು ಒಂದೇ, ಗೇಟು ಮುಚ್ಚಬಾರದು.

ಅಷ್ಟರಲ್ಲಿ ಹೊಸ ಸರ್ಕಾರ ಬಂತು. ಹಳೆಯ ಸರ್ಕಾರಕ್ಕೆ ಹಟ ಇತ್ತು, ಹೊಸದಕ್ಕೆ ಸಿದ್ಧಾಂತ ಇತ್ತು. ವ್ಯಾಪಾರ ಬೆಳೆದರೆ ದ್ವೇಷ ತಾನಾಗಿ ಸಾಯುತ್ತದೆ, ಸರಕು ದಾಟುವ ಕಡೆ ಸೈನ್ಯ ದಾಟುವುದಿಲ್ಲ, ಸರ್ಕಾರ ಸುಮ್ಮನಿದ್ದರೆ ಸಾಕು, ಮಾರುಕಟ್ಟೆಯೇ ಎಲ್ಲವನ್ನೂ ಸರಿ ಮಾಡುತ್ತದೆ ಎಂದು ಬೆಳಿಗ್ಗೆ ಸಂಜೆ ಟೀವಿಯಲ್ಲಿ ಹೇಳುತ್ತಿದ್ದರು. ಎರಡು ದೇಶಗಳ ನಡುವೆ ಶಾಂತಿ ಮಾತುಕತೆ ಶುರುವಾಗುತ್ತದೆ, ನಮ್ಮ ಸರ್ಕಾರದ ಪೂರ್ತಿ ಬೆಂಬಲ ಅದಕ್ಕಿದೆ ಎಂದು ಸುದ್ದಿ ಬಂದ ದಿನ ಹಮಾಲರೆಲ್ಲ ಸಿಹಿ ಹಂಚಿ ತಿಂದರು. ಭಾವ ನನ್ನ ಮೇಜಿನ ಹತ್ತಿರ ಬಂದು ನಕ್ಕರು. ಅವರು ಹಾಗೆ ಹಲ್ಲು ಬಿಟ್ಟು ನಗುವುದು ಅಪರೂಪ.

“ಇನ್ನು ಡಬ್ಬಕ್ಕೆ ಮರಳು ತುಂಬೋದು ತಪ್ಪಿತು ನೋಡು,” ಅಂದರು.

ಮಾತುಕತೆಗೆ ಮೊದಲು ಸರ್ಕಾರದ ಆರ್ಥಿಕ ಸಲಹೆಗಾರರು ಗೇಟು ನೋಡಲು ಬರುತ್ತಾರೆ, ಕೆಲಸ ಹೇಗೆ ನಡೆಯುತ್ತದೆ ಎಂದು ಅವರಿಗೆ ತೋರಿಸಬೇಕು ಎಂದು ಕಸ್ಟಮ್ಸ್ ಸೂಪರಿಂಟೆಂಡೆಂಟ್ ಹೇಳಿಕಳಿಸಿದ. ನಮ್ಮವರು ಎಡವಿದ್ದು ಅಲ್ಲಿಯೇ. ದೊಡ್ಡವರು ಬರುವುದು ನಮ್ಮನ್ನು ಮೆಚ್ಚುವುದಕ್ಕೆ ಎಂದು ತಿಳಿಯುವ ಜನ ನಾವು. ಭಾವ ಹಿಂದಿನ ಸಂಜೆ ಎಲ್ಲರನ್ನೂ ಕೂರಿಸಿ ಹೇಳಿದರು, “ನಾಳೆ ಯಾರೂ ಓಡಬೇಡಿ. ಗಡಿಬಿಡಿ ಮಾಡಿದ್ರೆ ಕಲಿಯದೋರು ಅಂತಾರೆ. ನಿಧಾನಕ್ಕೆ, ಮರ್ಯಾದೆಯಾಗಿ. ಒಂದು ಕಾಳು ಕೆಳಗೆ ಬೀಳಬಾರದು.” ಮೂಟೆಯ ಅಡಿಯಿಂದ ಈ ಮಾತು ಆಚೆಗೂ ಹೋಯಿತು. ಎರಡೂ ಕಡೆಯವರು ಅಂಗಿ ಒಗೆದು ಇಸ್ತ್ರಿ ಮಾಡಿಸಿಕೊಂಡು ಬಂದರು.

ಬೇರೆ ದಿನ ಒಂದೂವರೆ ಗಂಟೆಯಲ್ಲಿ ಖಾಲಿಯಾಗುವ ಲಾರಿ ಅವತ್ತು ನಾಲ್ಕು ಗಂಟೆ ತೆಗೆದುಕೊಂಡಿತು. ಮೂಟೆಯನ್ನು ಹಸುಗೂಸಿನ ಹಾಗೆ ತಲೆಯಿಂದ ತಲೆಗೆ ಒಪ್ಪಿಸಿದರು. ಸಲಹೆಗಾರರು ಕೊಡೆಯ ಕೆಳಗೆ ನಿಂತು ಗಡಿಯಾರ ನೋಡಿಕೊಳ್ಳುತ್ತಾ ಗುರುತು ಹಾಕಿಕೊಂಡರು. ಕೆಟ್ಟ ಮನುಷ್ಯನಲ್ಲ, ಹಮಾಲರಿಗೆಲ್ಲ ನೀರು ಕೊಡಿಸಿದರು.

“ಯಾವಾಗಲೂ ಹೀಗೇ ಮಾಡ್ತೀರಾ?” ಎಂದು ಭಾವನನ್ನು ಕೇಳಿದರು.

“ಯಾವಾಗಲೂ ಹೀಗೇ ಸಾರ್,” ಅಂದರು ಭಾವ, ಎದೆ ಉಬ್ಬಿಸಿ.

ಅದು ಸುಳ್ಳು. ಅಷ್ಟು ನಾಜೂಕಾಗಿ ಅವರು ಯಾವತ್ತೂ ಕೆಲಸ ಮಾಡಿರಲಿಲ್ಲ. ಸಲಹೆಗಾರರು ಅದನ್ನೂ ಬರೆದುಕೊಂಡರು.

ಮುಂದಿನ ತಿಂಗಳು ರಾಜಧಾನಿಯ ದೊಡ್ಡ ಸಭಾಂಗಣದಲ್ಲಿ ಮಾತುಕತೆಯ ಮೊದಲ ದಿನ. ಅಲ್ಲಿ ಒಬ್ಬ ಸಾಮಾನ್ಯ ಶ್ರಮಿಕ ನಾಲ್ಕು ಮಾತು ಆಡಬೇಕೆಂದು ಸರ್ಕಾರಕ್ಕೆ ಮನಸ್ಸಾಯಿತು. ಸೂಪರಿಂಟೆಂಡೆಂಟ್ ಭಾವನ ಹೆಸರು ಕಳಿಸಿದ. ಭಾವ ನೇರ ನನ್ನ ಹತ್ತಿರ ಬಂದರು.

“ನೀನು ಬರಿ, ನಾನು ಓದ್ತೀನಿ.”

“ಏನಂತ ಬರೀಲಿ ಭಾವ?”

“ಗೇಟು ಮುಚ್ಚಬೇಡಿ ಅಂತ ಬರಿ.”

“ಅಷ್ಟನ್ನೇ ಹೇಳೋಕೆ ಅಷ್ಟು ದೂರ ಹೋಗ್ತೀರಾ? ಒಂದು ಪುಟವಾದ್ರೂ ಬೇಡ್ವಾ?”

“ಉಳಿದಿದ್ದು ನೀನು ತುಂಬಿಸು. ಓದಿದೋನಲ್ವಾ ನೀನು.”

ತುಂಬಿಸಿದೆ. ಅರ್ಜಿ ಬರೆಯುವವನಿಗೆ ಖಾಲಿ ಜಾಗ ಕಂಡರೆ ಕೈ ಕಡಿಯುತ್ತದೆ. ‘ಸರಕು ಯಾವ ತಡೆಯೂ ಇಲ್ಲದೆ ಹರಿಯಲಿ, ಎರಡು ನೆಲಗಳ ನಡುವಿನ ಅಡ್ಡಿಗಳೆಲ್ಲ ತೊಲಗಲಿ’ ಎಂದು ಟೈಪ್ ಮಾಡಿ, ನಾನೇ ಎರಡು ಸಲ ಓದಿಕೊಂಡು ಬೀಗಿದೆ. ಆ ಅಡ್ಡಿ ಯಾರು ಎಂದು ನನ್ನ ಮಂಡೆಗೆ ಹೊಳೆಯಲಿಲ್ಲ. ಮೊದಲೇ ಬಾಯಿಪಾಠ ಮಾಡಿಕೊಂಡಿದ್ದರಿಂದ ಸಭಾಂಗಣದಲ್ಲಿ ಭಾವ ತಡವರಿಸದೆ ಓದಿದರಂತೆ. ಎರಡೂ ದೇಶದ ಪ್ರತಿನಿಧಿಗಳು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹಗ್ಗ ಕೊಟ್ಟು ಕೈ ಕಟ್ಟಿಸಿಕೊಳ್ಳುವುದು ಅಂದರೆ ಇದೇ. ಆ ಹಗ್ಗ ಹೊಸೆದವನು ನಾನು.

ಐದು ತಿಂಗಳಲ್ಲಿ ಒಪ್ಪಂದ ಆಯಿತು. ಅದರ ಮೂರನೆಯ ಪುಟದಲ್ಲಿ, ಇನ್ನು ಮುಂದೆ ಎರಡೂ ದೇಶದ ಲಾರಿಗಳು ಸರಕು ಇಳಿಸದೆ ನೇರವಾಗಿ ಗಡಿ ದಾಟಬಹುದು ಎಂದಿತ್ತು. ಕಾರಣವನ್ನೂ ಕೊಟ್ಟಿದ್ದರು. ಒಂದು ಲಾರಿಗೆ ನಾಲ್ಕು ಗಂಟೆ ವ್ಯರ್ಥವಾಗುತ್ತಿದೆ, ಸ್ವತಃ ಹಮಾಲರೇ ತಡೆಯಿಲ್ಲದ ಸಾಗಾಟವನ್ನು ಬಯಸಿದ್ದಾರೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ನಾನು ಅದನ್ನು ಓದಿ ಹೇಳಿದಾಗ ಭಾವ, “ನಾಲ್ಕು ಗಂಟೆ ಅಲ್ಲ, ಒಂದೂವರೆ ಗಂಟೆ ಅಂತ ಅವರಿಗೆ ಒಂದು ಕಾಗದ ಬರೀತೀಯಾ?” ಅಂದರು. ಬರೆದೆ. ಉತ್ತರ ಬರಲಿಲ್ಲ.

ಮೊದಲ ಲಾರಿಗಳು ದಾಟುವ ದಿನ ಹಮಾಲರಿಗೆಲ್ಲ ಎರಡೂ ದೇಶದ ಕಾಗದದ ಬಾವುಟ ಕೊಟ್ಟು ರಸ್ತೆಯ ಬದಿಯಲ್ಲಿ ನಿಲ್ಲಿಸಿದರು. ನಾನೂ ಹೋಗಿದ್ದೆ. ಹೊಸ ಕಬ್ಬಿಣದ ಬೇಲಿ ಹಾಕಿ ಜನರನ್ನು ದೂರ ಇಟ್ಟಿದ್ದರು. ಆಚೆಯ ಬೇಲಿಯ ಹಿಂದೆ ನೀಲಿ ಅಂಗಿಗಳು ಚುಕ್ಕಿ ಚುಕ್ಕಿಯಾಗಿ ಕಾಣುತ್ತಿದ್ದವು. ಭಾವ ಕೈ ಎತ್ತಿದರು. ಅಲ್ಲಿಂದಲೂ ಒಬ್ಬ ಕೈ ಎತ್ತಿದ. ಅದು ಬೀಗರೇ ಹೌದೋ ಅಲ್ಲವೋ ನೋಡುವಷ್ಟರಲ್ಲಿ ನಡುವೆ ಲಾರಿ ಬಂತು, ಅದರ ಹಿಂದೆ ಇನ್ನೊಂದು, ಮತ್ತೊಂದು. ಗೇಟು ತೆರೆದದ್ದು ಸರಕಿಗೆ. ಮನುಷ್ಯರು ದಾಟಬೇಕಾದರೆ ವ್ಯಾಪಾರದ ಪರವಾನಗಿ ಬೇಕಿತ್ತು. ಬೀಗರ ಹೆಂಡತಿಯ ಮಂಡಿನೋವು ವಾಸಿಯಾಯಿತೋ ಇಲ್ಲವೋ ಅಕ್ಕನಿಗೆ ಇವತ್ತಿಗೂ ಗೊತ್ತಿಲ್ಲ.

ಸರ್ಕಾರ ನಮ್ಮನ್ನು ಕೈಬಿಡಲಿಲ್ಲ ಎಂದು ಹೇಳಬೇಕು, ಇಲ್ಲದಿದ್ದರೆ ನಾನು ಸುಳ್ಳ ಆಗುತ್ತೇನೆ. ಹಮಾಲರಿಗೆ ಮೂರು ದಿನದ ತರಬೇತಿ ಕೊಟ್ಟರು. ‘ಬದಲಾವಣೆಯನ್ನು ಸ್ವಾಗತಿಸುವುದು ಹೇಗೆ’ ಎಂದು ಅದರ ಹೆಸರು. ಟೈ ಕಟ್ಟಿದ ತರಬೇತುದಾರ ಗೋಡೆಯ ಮೇಲೆ ಚಿತ್ರ ಬಿಡಿಸಿ ತೋರಿಸಿದ.

“ನಮ್ಮ ಕೆಲಸ ಏನು ಸಾರ್?” ಎಂದು ಭಾವ ಕೇಳಿದರು.

“ಹಳೇ ಕೆಲಸ ಹೋದ್ರೆ ಮಾರುಕಟ್ಟೆ ಹೊಸ ಕೆಲಸ ಹುಟ್ಟಿಸುತ್ತೆ.”

“ಎಷ್ಟು ದಿನಕ್ಕೆ ಸಾರ್?”

“ಅದನ್ನ ಹೇಳೋಕಾಗಲ್ಲ. ಕಾಯಬೇಕು.”

“ಹೊಟ್ಟೆಗೂ ಹಾಗೇ ಹೇಳ್ಲಾ ಸಾರ್?”

ಮೂರನೆಯ ದಿನ ಎಲ್ಲರಿಗೂ ಪ್ರಮಾಣಪತ್ರ ಸಿಕ್ಕಿತು. ಮಾರುಕಟ್ಟೆ ಹೊಸ ಕೆಲಸ ಹುಟ್ಟಿಸಿದ್ದು ನಿಜ. ಹೆದ್ದಾರಿಯಲ್ಲಿ ಲಾರಿ ಡ್ರೈವರುಗಳಿಗಾಗಿ ತೆರೆದ ಹೋಟೆಲಿನಲ್ಲಿ ನಮ್ಮ ಅಕ್ಕ ಪಾತ್ರೆ ತೊಳೆಯಲು ಸೇರಿದಳು. ಭಾವನನ್ನು ಎಲ್ಲೂ ತೆಗೆದುಕೊಳ್ಳಲಿಲ್ಲ. ಐವತ್ತೆರಡು ವಯಸ್ಸು, ಓದು ಬರಹ ಅಷ್ಟಕ್ಕಷ್ಟೆ, ಗಟ್ಟಿ ಇರುವುದು ಕತ್ತು ಮಾತ್ರ. ಗಟ್ಟಿ ಕತ್ತು ಬೇಕಾಗಿದೆ ಎಂದು ಯಾರೂ ಜಾಹೀರಾತು ಕೊಡುವುದಿಲ್ಲ. ನನಗೆ ಶಾಂತಿಯ ಮೇಲೆ ಸಿಟ್ಟಿಲ್ಲ. ಅದನ್ನು ತರುವಾಗ ನೂರಾ ನಲವತ್ತು ಮನೆಗಳನ್ನು ಕಾಲಡಿಗೆ ಹಾಸಿಕೊಂಡು ಬಂದು, ಮೇಲೆ ನಮ್ಮ ಕೈಯಲ್ಲೇ ಚಪ್ಪಾಳೆ ತಟ್ಟಿಸಿಕೊಂಡರಲ್ಲ, ಅದಕ್ಕೆ ಹೊಟ್ಟೆ ಉರಿಯುತ್ತದೆ.

ಆಮೇಲೆ ಭಾವ ದಿನಾ ಬೆಳಿಗ್ಗೆ ನನ್ನ ಮೇಜಿಗೆ ಬಂದು ಪತ್ರಿಕೆ ಬಿಡಿಸಿಕೊಂಡು ಕೂರತೊಡಗಿದರು. ಅಕ್ಷರಕ್ಕೆ ಅಕ್ಷರ ಕೂಡಿಸಿಕೊಂಡು ಮೊದಲ ಪುಟ ಪೂರ್ತಿ ಓದಿ ಮಡಚಿಡುವರು.

“ಇವತ್ತೂ ಏನೂ ಆಗಿಲ್ಲ,” ಎಂದರು ಒಂದು ದಿನ.

“ಏನಾಗಬೇಕಿತ್ತು ಭಾವ?”

“ಒಂದು ಸಣ್ಣ ಜಗಳ.” ಅವರು ನನ್ನ ಮುಖ ನೋಡಲಿಲ್ಲ. “ಯುದ್ಧ ಗಿದ್ಧ ಬೇಡಪ್ಪ. ಲಾರಿ ನಿಲ್ಲಬೇಕು, ಮೂಟೆ ನಿಲ್ಲಬಾರದು. ಅಷ್ಟು ಜಗಳ ಆದ್ರೆ ಸಾಕು.”

ಎರಡು ದೇಶಗಳು ಭಾವನ ಅಳತೆಗೆ ಜಗಳ ಆಡುತ್ತವೆಯೇ? ಒಂದು ವರ್ಷ ಕಾದರು. ಹೋದ ಸೋಮವಾರ ಬೆಳಿಗ್ಗೆ ಬಂದವರು ಪತ್ರಿಕೆ ಮುಟ್ಟಲಿಲ್ಲ. ಸ್ಟೂಲು ಎಳೆದುಕೊಂಡು ಎದುರಿಗೆ ಕೂತು, “ಮಂತ್ರಿಗಳಿಗೆ ಒಂದು ಅರ್ಜಿ ಹಾಕು,” ಅಂದರು.

ನಾನು ಯಂತ್ರಕ್ಕೆ ಕಾಗದ ಸೇರಿಸಿದೆ.

“ಆ ದೇಶದೋರನ್ನ ನಂಬಬಾರದು ಅಂತ ಬರಿ. ಲಾರಿಯೊಳಗೆ ಏನೇನೋ ಬಚ್ಚಿಟ್ಟು ತರ್ತಾರೆ, ಒಂದೊಂದು ಮೂಟೆಯನ್ನೂ ನಮ್ಮೋರು ಮುಟ್ಟಿ ನೋಡದೆ ಒಳಗೆ ಬಿಡಬಾರದು ಅಂತ ಬರಿ. ಹುಟ್ಟಾ ಶತ್ರುಗಳು ಅವರು ಅಂತ ಸೇರಿಸು.”

ಹದಿನೆಂಟು ವರ್ಷ ಗೆರೆಯ ಮೇಲೆ ನಿಂತ ಮನುಷ್ಯನ ಬಾಯಲ್ಲಿ ಶತ್ರು ಎಂಬ ಪದವನ್ನು ನಾನು ಕೇಳಿದ್ದು ಅದೇ ಮೊದಲು.

“ಬಚ್ಚಿಟ್ಟು ತಂದಿದ್ದನ್ನ ನೀವು ನೋಡಿದ್ದೀರಾ ಭಾವ?”

“ಇಲ್ಲ.”

“ಮತ್ತೆ ಹೀಗೆಲ್ಲ ಬರೆದ್ರೆ ಬೀಗರೂ ಅದರೊಳಗೆ ಬಂದ್ಬಿಡ್ತಾರಲ್ಲ?”

ಭಾವ ಕತ್ತು ತಗ್ಗಿಸಿ ಮೇಜಿನ ಅಂಚನ್ನು ಉಗುರಿನಿಂದ ಕೆರೆಯುತ್ತಾ ಕೂತರು. ರಸ್ತೆಯಲ್ಲಿ ಲಾರಿಗಳು ಹೋಗುತ್ತಲೇ ಇದ್ದವು.

“ಬರಿ ಮಾರಾಯ,” ಅಂದರು. “ಅವರೂ ಇಷ್ಟೊತ್ತಿಗೆ ಅಲ್ಲಿ ಯಾರ ಹತ್ರಾನೋ ಇದನ್ನೇ ಬರೆಸ್ತಾ ಕೂತಿರ್ತಾರೆ.”