ಮುತ್ತಣ್ಣನ ಸಿಟ್ಟಿಗೆ ಬದಲಿ ಆಳು

ಹೋಗು ಎಂದವನೂ ನಂದಕಿಶೋರ, ಬಿಡುವು ಕೊಡದವನೂ ನಂದಕಿಶೋರ. ಇದು ನೆನಪಾದರೆ ಮುತ್ತಣ್ಣನಿಗೆ ಇಂದಿಗೂ ಮೈ ಉರಿಯುತ್ತದೆ.

ಬನಹಟ್ಟಿಯಲ್ಲಿ ನಂದಕಿಶೋರ ಸಾಹುಕಾರನ ಪವರ್‌ಲೂಮ್ ಶೆಡ್ಡಿನಲ್ಲಿ ಮುತ್ತಣ್ಣ ಇಪ್ಪತ್ತು ವರ್ಷದಿಂದ ಸೀರೆ ನೇಯುತ್ತಾನೆ. ಕೈ ಬಂಗಾರ, ಬಾಯಿ ಬೆಂಕಿ. ಒಂದು ದಿನ ನೂಲು ಮೇಲಿಂದ ಮೇಲೆ ಹರಿಯಿತೆಂದು ಲಾಳಿ ಕಿತ್ತು ಬೀಸಿ ಒಗೆದ. ಅದು ಹೋಗಿ ಸಾಹುಕಾರ ಪೂಜಿಸುವ ಲಕ್ಷ್ಮಿ ಫೋಟೋದ ಗಾಜಿಗೆ ಬಡಿಯಿತು.

"ರಬಕವಿ ದವಾಖಾನಿಗೆ ಮನಸಿನ ಮೇಡಮ್ಮಾರು ಬರ್ತಾರ. ಆರು ಸಲ ಹೋಗಿ ಚೀಟಿ ತಂದು ತೋರ್ಸು. ಇಲ್ಲಂದ್ರ ನಿನ್ನ ಎರಡೂ ಮಗ್ಗ ಬ್ಯಾರೇದವ್ರಿಗೆ," ಎಂದ ಸಾಹುಕಾರ.

"ಮತ್ತ ರಜಾ?"

"ಎಲ್ಲೀ ರಜಾನಲೇ? ಮಗ್ಗ ನಿಂದ್ರಬಾರ್ದು."

ಮೇಡಂ ಬರುವುದು ಮಂಗಳವಾರ, ಹತ್ತರಿಂದ ಒಂದರವರೆಗೆ. ಮುತ್ತಣ್ಣನ ಪಾಳಿ ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ. ರಜೆ ಅಮಾವಾಸ್ಯೆಗೆ ಮಾತ್ರ. ಶೆಡ್ಡಿನಿಂದಲೇ ಫೋನು ಹಚ್ಚಿ, ಮಗ್ಗದ ಸದ್ದಿನ ಮೇಲೆ ಒದರಿದ: "ಅಮಾಸಿಗೆ ಟೈಮ್ ಕೊಡ್ರಿ ಮೇಡಂ!"

ಮೃಣಾಲಿನಿ ಮೇಡಂ ಕ್ಯಾಲೆಂಡರ್ ತಿರುವಿದರು. "ಮಂಗಳವಾರ ಅಮಾವಾಸ್ಯೆ ಬರೋದು ಇನ್ನ ಐದು ತಿಂಗಳಿಗೆರೀ. ಅಲ್ಲೀತನಕ ಸಿಟ್ಟು ತಡೀತದೇನು?"

"ಸಿಟ್ಟು ತಡೀತೈತ್ರಿ, ಸಾಹುಕಾರ ತಡಿಯಂಗಿಲ್ಲ!"

ಶೆಡ್ಡಿನಲ್ಲಿ ಒಬ್ಬನಿಗೆ ಬರಲಾಗದಿದ್ದರೆ ಬದಲಿ ಆಳು ಕಳಿಸುವುದು ರೂಢಿ. ಮಗ್ಗ ನಡೆದರೆ ಆಯಿತು, ನಡೆಸಿದವನ ಹೆಸರು ಯಾರಿಗೂ ಬೇಡ. ಆಮೇಲೆ ಕಳಿಸಿದವನೂ ಅವನಿಗಾಗಿ ಅಷ್ಟೇ ದಿನ ನಿಂತುಕೊಟ್ಟರೆ ಸರಿಹೋಯಿತು. ಆದರೆ ಆರು ಮಂಗಳವಾರ ಅವನ ಮಗ್ಗಕ್ಕೆ ನಿಲ್ಲುವವರು ಯಾರೂ ಸಿಗಲಿಲ್ಲ. ಹಾಗಾದರೆ ದವಾಖಾನೆಗೇ ಬದಲಿ ಆಳು ಎಂದು ಮುತ್ತಣ್ಣ ಹೆಂಡತಿ ಯಲ್ಲಕ್ಕನನ್ನು ಕರೆದ.

"ನನ್ನ ಸಿಟ್ಟಿನ ಸಂಗ್ತಿ ನನಗಿಂತಾ ನಿನಗ ಛಲೋ ಗೊತ್ತೈತಿ. ನೀನ ಹೋಗಿ ಹೇಳಿ ಬಾ."

ಯಲ್ಲಕ್ಕ ಮನೆಯಲ್ಲಿ ರಾಟಿಯ ಮುಂದೆ ಕೂತು ಲಾಳಿಗೆ ನೂಲಿನ ಕಂಡಿಕೆ ಸುತ್ತುವವಳು. ಕೈಲಿದ್ದ ಕೆಲಸ ಬಿಟ್ಟು ಹೋದಳು. ಮೊದಲ ಮಂಗಳವಾರ ಗಂಡನ ಸಿಟ್ಟೆಲ್ಲ ಹೇಳಿ ಮುಗಿಸಿದಳು. ಆಗ ಮೇಡಂ, "ಅದು ಆತು, ನಿಮಗ ಹೆಂಗ ಅನಸ್ತದ?" ಎಂದು ಕೇಳಿದರು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಆಕೆಯನ್ನು ಯಾರೂ ಕೇಳದ ಮಾತು. ಉಳಿದ ಐದು ಮಂಗಳವಾರ ಅದರ ಉತ್ತರಕ್ಕೇ ಸಾಲಲಿಲ್ಲ.

ಆರೂ ಮುಗಿದ ಮೇಲೆ ಗಂಡ ಹೆಂಡತಿ ಚೀಟಿ ಹಿಡಿದು ಸಾಹುಕಾರನ ಮುಂದೆ ನಿಂತರು.

"ಇದರಾಗ ಯಲ್ಲಕ್ಕ ಅಂತ ಬರದಾರಲ್ಲೋ. ಸಿಟ್ಟು ನಿಂದೋ, ಆಕೀದೋ?"

ಮುತ್ತಣ್ಣ ತೋಳೇರಿಸಿದ.

"ನೋಡು, ಏನೂ ಗುಣಾ ಆಗಿಲ್ಲ!" ಎಂದ ಸಾಹುಕಾರ.

ಯಲ್ಲಕ್ಕ ಗಂಡನ ಕೈ ಹಿಡಿದು ಕೆಳಗಿಳಿಸಿದಳು. ದನಿ ಏರಿಸಲಿಲ್ಲ. "ಸಾಹುಕಾರ್ರ, ಬದಲಿ ಆಳು ನೇದ ಸೀರಿ ಯಾವತ್ತರ ಬ್ಯಾಡ ಅಂದೀರೇನ್ರಿ? ಇದೂ ಹಂಗ ತಿಳೀರಿ. ಇಲ್ಲಾ, ಆರು ಮಂಗಳವಾರ ರಜಾ ಕೊಡ್ರಿ, ಇವ್ರನ್ನ ಕಳಸ್ತೀನಿ."

ರಜೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಸಾಹುಕಾರ ಚೀಟಿ ಮಡಚಿ ಕಿಸೆಗಿಟ್ಟ. "ಖರೆ ಐತಿ, ಗುಣಾ ಆಗೇತಿ. ಹೋಗು, ಮಗ್ಗ ಹಚ್ಚು."

ಮಗ್ಗಗಳೇನೋ ಉಳಿದವು. ಅಂದು ಮನೆಗೆ ಬಂದ ಗಂಡನಿಗೆ ಯಲ್ಲಕ್ಕ ಹೇಳಿದಳು: "ಆರು ದಿನ ನಿಮ್ಮ ಬದಲಿ ನಿಂತೀನ್ರಿ. ನನ್ನ ರಾಟಿ ಮುಂದ ನೀವೂ ಆರು ದಿನ ಕುಂಡ್ರಬೇಕು."

"ಗಂಡಸು ಕಂಡಿಕಿ ಸುತ್ತೂದೇನ ಬೇ?" ಎಂದು ಮುತ್ತಣ್ಣ ಗುಡುಗಿದ.

ಶೆಡ್ಡಿನಲ್ಲಿ ಯಾರ ಅರ್ಧ ಪಾಳಿಯ ಬಾಕಿಯನ್ನೂ ಉಳಿಸಿಕೊಂಡ ಮನುಷ್ಯನಲ್ಲ ಅವನು. ವರ್ಷವಾಯಿತು, ಹೆಂಡತಿಯ ಆರು ದಿನ ಮಾತ್ರ ಇನ್ನೂ ತೀರಿಸಿಲ್ಲ.