ಹೊಲಿಗೆ ಅಕ್ಕಾರು ಪರದೆ ಎಳೆದ ದಿನ

ಕಳೆದ ವಾರ ಮಗಳ ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಿದ್ದೆ. ಹೊಲಿಗೆ ಮಷೀನಿಗೆ ಹಾಕುವ ಎಣ್ಣೆ ಅದು. ಬೆರಳಿಗಂಟಿದ ಅದರ ವಾಸನೆ ಮೂಗಿಗೆ ಬಡಿದದ್ದೇ ತಡ, ಗಜೇಂದ್ರಗಡ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿದ್ದ ಆ ಚಿಕ್ಕ ಅಂಗಡಿ ಕಣ್ಣೆದುರು ಬಂತು. ಅಲ್ಲಿ ಕೂತು ಹೊಲಿಯುತ್ತಿದ್ದವರನ್ನು ನಾವೆಲ್ಲ ಹೊಲಿಗೆ ಅಕ್ಕಾರು ಅನ್ನುತ್ತಿದ್ದೆವು.

ಮದುವೆಯಾಗಿ ಹತ್ತಿರದ ಹಳ್ಳಿ ಮುಶಿಗೇರಿಗೆ ಬಂದಾಗಿನಿಂದ ನನ್ನ ಜಂಪರುಗಳನ್ನೆಲ್ಲ ಹೊಲಿದವರು ಅವರೇ. ಗಂಡ ತೀರಿಕೊಂಡ ಮೇಲೆ ಆ ಒಂದೇ ಮಷೀನನ್ನು ನಂಬಿ ಮಗಳನ್ನು ಓದಿಸಿದ್ದರು. ಮಾತು ಕಡಿಮೆ. ತುಟಿಗಳ ನಡುವೆ ಯಾವಾಗಲೂ ಎರಡು ಗುಂಡುಸೂಜಿ...

ಎಂಟು ವರ್ಷದ ಹಿಂದೆ, ತಮ್ಮನ ಮದುವೆಗೆಂದು ಖಣದ ಬಟ್ಟೆ ಒಯ್ದಿದ್ದೆ. ಹಿಂದಿನ ಜಂಪರು ಎಡಗಡೆ ಕಂಕುಳಲ್ಲಿ ಒತ್ತುತ್ತದೆ ಎಂದು ದೂರಿದೆ.

"ಎರಡೂ ಕಡೆ ಒಂದ ಅಳತಿ ಹಿಡಿದೀನಲ್ಲ ತಂಗಿ. ಕೈ ಎತ್ತು, ನೋಡೂಣು."

ಎತ್ತಿದೆ. ಟೇಪು ಹಿಡಿದ ಅವರ ಬೆರಳು ಕಂಕುಳ ಕೆಳಗೆ ಬಂದು ನಿಂತುಬಿಟ್ಟಿತು. ನಾನು ತಟ್ಟನೆ ಕೈ ಇಳಿಸಿದೆ. ಅಕ್ಕಾರು ಗುಂಡುಸೂಜಿ ತೆಗೆದಿಟ್ಟು, ಬಾಗಿಲಿನ ಪರದೆ ಎಳೆದರು.

"ಎಷ್ಟ ದಿನಾತು?"

ಎರಡು ತಿಂಗಳಾಗಿತ್ತು. ಸ್ನಾನ ಮಾಡುವಾಗ ಎದೆಯ ಅಂಚಿನಲ್ಲಿ ಕಡಲೆಕಾಳಿನಷ್ಟು ಗಂಟು ಕೈಗೆ ಸಿಕ್ಕಿತ್ತು. ಯಾರಿಗೂ ಹೇಳಿರಲಿಲ್ಲ.

"ನೋವಿಲ್ರಿ ಅಕ್ಕಾರ. ಅದಕ ಏನೂ ಇರಲಿಕ್ಕಿಲ್ಲ ಅಂತ..."

"ನೋವಿಲ್ಲಂತ ನಾನೂ ಸುಮ್ಮನ ಕುಂತಿದ್ದೆ."

ನನ್ನ ಕೈ ಹಿಡಿದೆಳೆದು, ಸೆರಗಿನೊಳಗೆ ತಮ್ಮ ಎದೆಯ ಮೇಲಿಟ್ಟುಕೊಂಡರು. ಕೈಗೆ ಸಿಕ್ಕಿದ್ದು ಕಲ್ಲಿನಂತೆ ಗಟ್ಟಿಯಾಗಿತ್ತು. ಸುತ್ತಲಿನ ಚರ್ಮ ಒಳಕ್ಕೆ ಎಳೆದುಕೊಂಡಿತ್ತು.

"ಒಂದೂವರಿ ವರ್ಷ ಆತು. ಜಡ್ಡ ಐತಿ ಅಂತ ಗೊತ್ತಾದ್ರ ಮಗಳನ್ನ ಯಾರ ಮಾಡ್ಕೋತಾರ ಅಂತ ಮುಚ್ಚಿಟ್ಟೆ. ಲಗ್ನ ಆತು. ಆಮ್ಯಾಲ ತೋರಿಸಾಕ ಅಂಜಿಕಿ. ನೀ ಹಂಗ ಮಾಡಬ್ಯಾಡ, ನಾಳೇನ ದವಾಖಾನಿಗೆ ಹೋಗು."

"ನೀವೂ ಬರ್ರಿ. ನೀವು ಬರಲಿಲ್ಲಂದ್ರ ನಾನೂ ಹೋಗೂದಿಲ್ರಿ."

ಅವರು ಪರದೆ ಸರಿಸಿ ಮತ್ತೆ ಮಷೀನಿಗೆ ಕೂತರು. ಆದರೆ ಮರುದಿನ ನಾನು ಬಸ್ಸಿಳಿಯುವ ಮೊದಲೇ ಬಸ್‌ಸ್ಟ್ಯಾಂಡಿಗೆ ಬಂದು ನಿಂತಿದ್ದರು.

ಸರ್ಕಾರಿ ದವಾಖಾನೆಯ ನರ್ಸ್ ಇಬ್ಬರನ್ನೂ ಮುಟ್ಟಿ ನೋಡಿ ಗದಗಿಗೆ ಚೀಟಿ ಬರೆದರು. "ಮೂವತ್ತ ದಾಟಿದ ಹೆಣ್ಮಕ್ಕಳನ್ನ ಇಲ್ಲೇ ನೋಡ್ತೀವ್ರಿ. ಜಡ್ಡ ಇರಲಿ ಬಿಡಲಿ ಬರಬೇಕು. ಯಾರೂ ಬರೂದಿಲ್ಲ," ಎಂದು ಗದರಿದರು. ಆ ದವಾಖಾನೆಯ ಮುಂದೆ ನಾನು ಎಷ್ಟು ಸಲ ಓಡಾಡಿದ್ದೆನೋ.

ಗದಗಿನಲ್ಲಿ ಎದೆಯದೂ ಎಲುಬಿನದೂ ಫೋಟೋ ತೆಗೆದರು, ಸೂಜಿ ಚುಚ್ಚಿ ಗಂಟಿನ ಚೂರು ತೆಗೆದರು. ರಿಪೋರ್ಟ್ ಕೊಡುವ ದಿನ ಇಬ್ಬರೂ ಮತ್ತೆ ಹೋದೆವು. ಮೊದಲು ನನ್ನನ್ನು ಕರೆದರು. ಕ್ಯಾನ್ಸರೇ ಆಗಿತ್ತು. "ಆದ್ರ ಸಣ್ಣದೈತಿ, ಎಲ್ಲೂ ಹಬ್ಬಿಲ್ಲ. ಲಗೂ ಬಂದೀರಿ," ಎಂದರು ಡಾಕ್ಟರಮ್ಮ.

ಆಮೇಲೆ ಅಕ್ಕಾರು ಒಳಗೆ ಹೋದರು. ಬಾಗಿಲು ಮುಚ್ಚಿತು. ನನಗೆ ಹಿಡಿದ ಹೊತ್ತು ಕಳೆಯಿತು, ಅದರ ದುಪ್ಪಟ್ಟೂ ಕಳೆಯಿತು... ಬಾಗಿಲು ತೆರೆಯಲೇ ಇಲ್ಲ. ಕೊನೆಗೆ ಹೊರಬಂದವರು ಸೆರಗು ಸರಿ ಮಾಡಿಕೊಂಡರು.

"ಎಲುಬಿಗೆ ಹೋಗೇತಂತ. ನಿಂದು?"

ನನ್ನದು ಹಬ್ಬಿಲ್ಲವೆಂಬುದನ್ನು ಮುಖ ನೋಡಿಯೇ ತಿಳಿದುಕೊಂಡರು. "ಚಲೋ ಆತ ಬಿಡು," ಅಂದರು.

ನನಗೆ ಆಪರೇಷನ್ ಆಯಿತು. ಔಷಧಿಗೆ ಕೂದಲು ಉದುರಿ, ಮತ್ತೆ ಬಂತು. ಅಕ್ಕಾರು ಹದಿನಾಲ್ಕು ತಿಂಗಳು ಬದುಕಿದರು. ಏಳಲು ಆಗುವ ದಿನ ಅಂಗಡಿ ತೆರೆಯುತ್ತಿದ್ದರು. ಮಾತು ಕಡಿಮೆಯಿದ್ದ ಅವರು ಈಗ ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದರು. "ಮೊದಲ ದವಾಖಾನಿಗೆ ತೋರಿಸ್ಕೊಂಡು ಬಾ, ಆಮ್ಯಾಲ ಹೊಲೀತೀನಿ." ಕೆಲವರು ಸಿಟ್ಟಾಗಿ ಬಟ್ಟೆ ವಾಪಸ್ ಒಯ್ದರು. ಸೂಡಿ ಊರಿನ ಹೆಣ್ಣುಮಗಳೊಬ್ಬಳು ಬೈದುಕೊಳ್ಳುತ್ತಲೇ ಹೋಗಿ ತೋರಿಸಿಕೊಂಡು ಬಂದಳು.

ಒಬ್ಬಳು ಮಾತ್ರ ಅವರ ಮಾತು ಕೇಳಲಿಲ್ಲ. ಅವರ ಮಗಳು. ತಾಯಿಗಿತ್ತೆಂದರೆ ಮಗಳು ಬೇಗನೇ ತೋರಿಸಿಕೊಳ್ಳಬೇಕೆಂದು ಡಾಕ್ಟರಮ್ಮ ಆಗಲೇ ಹೇಳಿದ್ದರು. ನಾನೂ ಪ್ರತಿವರ್ಷ ನನ್ನ ತಪಾಸಣೆಗೆ ಹೋಗುವಾಗ ಕರೆಯುತ್ತಿದ್ದೆ. ಪ್ರತಿವರ್ಷ ಒಂದೊಂದು ನೆವ. ಹೋದ ತಿಂಗಳು ಅವಳೇ ಫೋನ್ ಮಾಡಿದಳು. "ಅಂಜಿಕಿ ಬರತೈತ್ರಿ ಅತ್ತಿ. ನೀವು ಜೋಡಿ ಇದ್ರ ಬರ್ತೀನಿ."

ಗದಗಿನಲ್ಲಿ ಅವಳು ಒಳಗೆ ಹೋದಾಗ ಬಾಗಿಲು ನೋಡುತ್ತ ಕೂತೆ. ಅವಳ ನಡೆ ನುಡಿಯೆಲ್ಲ ಅಕ್ಕಾರದೇ. ಇನ್ನೇನು ಅವರದು ಅವಳಿಗೆ ಬಂದಿದೆಯೋ...

ಹೊರಬಂದವಳು ಗೋಡೆ ಹಿಡಿದು ನಿಂತಳು.

"ಏನೂ ಇಲ್ಲಂತ್ರಿ. ಮುಂದಿನ ವರ್ಷ ಮತ್ತ ಬಾ ಅಂದ್ರು."

ಅವಳು ನಗಲು ಹೋಗಿ ಅತ್ತುಬಿಟ್ಟಳು.

"ಅವ್ವಗ ಹೇಳಬೇಕ ಅನಸ್ತೈತ್ರಿ ಅತ್ತಿ."

ನನಗೂ ಹಾಗೇ ಅನ್ನಿಸುತ್ತಿತ್ತು. ಹೇಳೋಣವೆಂದರೆ ಅವರಿಲ್ಲ.