ಕುದಿಸಿದ ನೇರಳೆಯ ಬೆನ್ನು ಹತ್ತಿ

ನೇರಳೆ ಹಣ್ಣಿನ ಕಾಲದ ಒಂದು ಶನಿವಾರ ಚಿಂತಾಮಣಿಯಿಂದ ಬೆಳಗಿನ ಬಸ್ಸಿಗೆ ಹೊರಟೆ. ಸಿಟ್ಟಿಗೆ ತಿಂಡಿಯೂ ಸೇರಿರಲಿಲ್ಲ.

ನಾನು ಅಲ್ಲಿನ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದೆ. ನೇರಳೆಯ ರಸವನ್ನು ಹೇಗೆ ತೆಗೆದರೆ ಅದರ ಆಂಟಿಆಕ್ಸಿಡೆಂಟ್ ಉಳಿಯುತ್ತದೆಂದು ಪರೀಕ್ಷಿಸಿ ಕೊಡಲು ಕುಡುಮಲಕುಂಟೆಯ ಕಾರ್ಖಾನೆಯೊಂದು ಕೇಳಿತ್ತು. ತುಸು ಹುಳಿ ಬೆರೆಸಿದ ತಣ್ಣೀರಿನಲ್ಲಿ, ಬೆಳಕು ತಾಗದಂತೆ ನೆನೆಸಿ ತೆಗೆದ ರಸದಲ್ಲಿ ಅದು ಚೆನ್ನಾಗಿ ಉಳಿಯಿತು. ಗಂಟೆಗಟ್ಟಲೆ ಕುದಿಸಿದ್ದರಲ್ಲಿ ಬಹುಪಾಲು ಹಾಳಾಯಿತು. ಎರಡರ ಅಂಕಿಗಳನ್ನೂ ಬರೆದುಕೊಟ್ಟಿದ್ದೆ. ಹಿಂದಿನ ದಿನ ಮುರುಗಮಲ್ಲದ ಅಂಗಡಿಯಲ್ಲಿ ಅವರ ಬಾಟಲಿ ಕಂಡೆ. ಲೇಬಲ್ಲಿನ ಮೇಲೆ ನಮ್ಮ ಕಾಲೇಜಿನ ಹೆಸರು, ತಣ್ಣೀರಿನ ರಸಕ್ಕೆ ಬಂದ ಅಂಕಿ; ಒಳಗೆ ಕಾಕಂಬಿಯಂಥ ಕಂದು ನೀರು.

ಶಿಡ್ಲಘಟ್ಟದಲ್ಲಿ ರೇಷ್ಮೆಗೂಡು ಬೇಯಿಸುವ ವಾಸನೆ ಬಸ್ಸಿನೊಳಗೆ ನುಗ್ಗಿತು. ಚಿಕ್ಕಬಳ್ಳಾಪುರ ಆಗಷ್ಟೇ ಜಿಲ್ಲೆಯಾಗಿತ್ತು, ಎಲ್ಲೆಲ್ಲೂ ಹೊಸ ಬೋರ್ಡುಗಳು. ಅಲ್ಲಿ ಬಸ್ಸು ಬದಲಿಸಿ, ದ್ರಾಕ್ಷಿ ತೋಟಗಳನ್ನು ದಾಟಿ ಗೌರಿಬಿದನೂರು ತಲುಪಿ, ಆಟೋದಲ್ಲಿ ಕಾರ್ಖಾನೆಗೆ ಹೋದೆ. ಧೂಳು ಮುಖಕ್ಕೆ ರಾಚುತ್ತಿತ್ತು.

"ಬನ್ನಿ ಮೇಡಂ, ಜ್ಯೂಸ್ ತರಿಸ್ತೀನಿ" ಎಂದರು ಮ್ಯಾನೇಜರ್.

"ಜ್ಯೂಸ್ ಬೇಡ. ಮಾಡೋದು ತೋರ್ಸಿ."

ಬಾಯ್ತೆರೆದ ಕೊಪ್ಪರಿಗೆಗಳಲ್ಲಿ ತಿರುಳು ಕೊತಕೊತ ಕುದಿಯುತ್ತಿತ್ತು. ನೇರಳೆಯ ಬಣ್ಣ ಎಲ್ಲೂ ಇರಲಿಲ್ಲ.

"ಲೇಬಲ್ಲಲ್ಲಿರೋ ಅಂಕಿ ಇದರದ್ದಲ್ಲ."

"ನೀವೇ ಕೊಟ್ಟಿದ್ದಲ್ವಾ? ಅದೂ ನೇರಳೆ, ಇದೂ ನೇರಳೆ. ತಣ್ಣೀರಲ್ಲಿ ನೆನೆಸ್ಕೊಂಡು ಕೂತ್ರೆ ಫ್ಯಾಕ್ಟರಿ ನಡೀತದಾ?"

"ಕುದಿಸ್ಕೊಳ್ಳಿ. ಆ ಅಂಕಿ ತೆಗೀರಿ."

"ಅಚ್ಚಾಗೋಗಿದೆ ಮೇಡಂ. ಮುಂದಿನ ಸಲ ನೋಡಣ. ಅಷ್ಟಕ್ಕೂ ಅದನ್ನ ಓದೋರ್ಯಾರು?" ಎಂದು ನಕ್ಕರು.

ಮೈ ಉರಿದುಹೋಯಿತು. ವಿಷಯ ಇಲ್ಲಿಗೇ ಬಿಡುವುದಿಲ್ಲ ಎಂದು ಹೇಳಿ ಹೊರಬಿದ್ದೆ. ಹಾಗೆ ಹೇಳಿದವರನ್ನು ಅವರು ಬೇಕಾದಷ್ಟು ಕಂಡಿದ್ದರೆಂದು ಅವರ ಮುಖವೇ ಹೇಳುತ್ತಿತ್ತು.

ಸಂಜೆ ಚಿಕ್ಕಬಳ್ಳಾಪುರದ ಬಸ್ ನಿಲ್ದಾಣದ ಅಂಗಡಿಯಲ್ಲಿ ಜಂಗಮಕೋಟೆಯ ರೈತರೊಬ್ಬರು ಅದೇ ಜ್ಯೂಸನ್ನು ಎರಡು ಬಾಟಲಿ ಕೊಳ್ಳುತ್ತಿದ್ದರು. ಯಾರಿಗೆಂದು ಕೇಳಿದೆ.

"ನನ್ ಹೆಂಡ್ರಿಗಮ್ಮ. ಶುಗರ್ರು. ಮಾತ್ರೆ ನಿಲ್ಸಿ ಇದೇ ಕೊಡ್ತಿದೀನಿ."

"ಮಾತ್ರೆ ನಿಲ್ಲಿಸ್ಬೇಡಿ ಯಜಮಾನ್ರೇ! ಇದ್ರಲ್ಲಿ ಅವರು ಹೇಳೋ ಸತ್ವ ಇಲ್ಲ. ಎಲ್ಲಾ ಕುದ್ದು ಹೋಗಿದೆ."

ಅವರು ಲೇಬಲ್ಲಿನ ಮೇಲೆ ಬೆರಳಿಟ್ಟರು. "ಕಾಲೇಜಲ್ಲಿ ಟೆಸ್ಟ್ ಆಗೈತೆ ಅಂತ ನನ್ ಮಗಳು ಓದಿ ಹೇಳವ್ಳೆ. ಓದಿರೋರು ಸುಳ್ಳು ಬರೀತಾರಾ?"

"ಟೆಸ್ಟ್ ಮಾಡಿದ್ದು ನಾನೇ. ನಾನು ಬರೆದಿದ್ದು ಈ ಜ್ಯೂಸ್ ವಿಷಯ ಅಲ್ಲ."

ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಒಂದು ಬಾಟಲಿಯನ್ನು ವಾಪಸು ಕೊಟ್ಟು, ಇನ್ನೊಂದನ್ನು ಚೀಲಕ್ಕೆ ಹಾಕಿಕೊಂಡು ಬಸ್ಸಿನ ಕಡೆ ನಡೆದರು.

ಚಿಂತಾಮಣಿ ಬಸ್ಸು ಹೊರಡುವುದರಲ್ಲಿತ್ತು. ನಾನು ಜಂಗಮಕೋಟೆಯ ಬಸ್ಸು ಹತ್ತಿ ಅವರ ಪಕ್ಕದಲ್ಲಿ ಕುಳಿತೆ.

"ಎಲ್ಲಿಗಮ್ಮ?" ಎಂದರು ಅವರು.

"ನಿಮ್ಮ ಮನೆಗೆ" ಎಂದೆ.